ಮಡಚುವ ಕಯಾಕ್: ಎರೆಮಣ್ಣಿನ ದಡದಲ್ಲಿ ಜೋಡಿಸುವುದು, ಬಾಳಿಸುವುದು

ಕಯಾಕ್ ಎಂದರೆ ಕೂತು ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ. ಮಡಚುವ ಕಯಾಕ್‌ಗಳಲ್ಲಿ ಹಳೆಯ ಬಗೆಗೆ ಕೊಳವೆಗಳ ಚೌಕಟ್ಟು, ಮೇಲೆ ಬಿಗಿದ ಹೊದಿಕೆ. ಈಗ ಹೆಚ್ಚು ಕಾಣುವುದು ಪಾಲಿಪ್ರೊಪಿಲೀನ್ ಹಾಳೆಯನ್ನೇ ಮಡಚಿ ಮಾಡುವ ದೋಣಿ. ಅಂಗಡಿ ಬೋರ್ಡಿನ ಸನ್‌ಪ್ಯಾಕ್ ಶೀಟಿನ ಜಾತಿಯದು: ಒಳಗೆ ಟೊಳ್ಳು ಸಾಲುಗಳು, ದಪ್ಪ ಸುಮಾರು 5 ಮಿ.ಮೀ. ತೂಕ 9ರಿಂದ 15 ಕೆ.ಜಿ.; ಕಲಬುರಗಿಯಿಂದ ಬೀದರ್ ಜಿಲ್ಲೆಯ ಕಾರಂಜಾ ಜಲಾಶಯಕ್ಕೆ ಬಸ್ಸಿನಲ್ಲೇ ಒಯ್ಯಬಹುದು. ಇಂಜಿನ್ ಇಲ್ಲ, ನೀರಿಗೆ ಎಣ್ಣೆ ಬೀಳುವುದಿಲ್ಲ, ಹಾಳೆ ಮರುಬಳಕೆಗೆ ಬರುತ್ತದೆ, ಹಾಗಾಗಿ ಪರಿಸರಸ್ನೇಹಿ ಅನ್ನುತ್ತಾರೆ. ಆದರೆ ಎರಡೇ ವರ್ಷಕ್ಕೆ ಮಡಿಕೆ ಸೀಳಿ ಗುಜರಿಗೆ ಹೋದರೆ ಆ ಮಾತಿಗೆ ಬೆಲೆಯಿಲ್ಲ.

ಜೋಡಿಸುವ ಮೊದಲು ಬಿಚ್ಚಿದ ಹಾಳೆಗೆ ಸಾಲುವಷ್ಟು ದೊಡ್ಡ ತಾಡಪತ್ರಿ ಹಾಸಿ. ದಡದ ಜಾಲಿ ಮುಳ್ಳಿನ ಮೇಲೆ ಹಾಳೆಯನ್ನು ನೇರವಾಗಿ ಬಿಚ್ಚಲೇಬೇಡಿ. ಮಡಿಕೆಗಳನ್ನು ಹಿಮ್ಮುಖವಾಗಿ ಒಮ್ಮೆ ಒತ್ತಿ ಸಡಿಲಿಸಿ, ತಳದ ಹಲಗೆ ಹಾಕಿ, ಮುಂತುದಿ ಮುಚ್ಚಿ, ನಂತರ ಹಿಂತುದಿ. ಪಟ್ಟಿಗಳನ್ನು ಎಡಕ್ಕೊಂದು, ಬಲಕ್ಕೊಂದು ಎಂದು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಒಂದೇ ಬದಿ ಬಿಗಿದರೆ ದೋಣಿ ತಿರುಚಿಕೊಂಡು ನೀರಿನಲ್ಲಿ ಒಂದೇ ಕಡೆಗೆ ಎಳೆಯುತ್ತದೆ. ಗಾಳಿಚೀಲಗಳನ್ನು ಎರಡೂ ತುದಿಗೆ ತುರುಕಿ. ಮಗುಚಿದಾಗ ದೋಣಿಯನ್ನು ತೇಲಿಸಿಡುವುದು ಅವೇ. ದೋಣಿ 125 ಕೆ.ಜಿ. ತಾಳುತ್ತದೆ ಎಂದಿದ್ದರೆ ನೀವು, ಸಾಮಾನು ಸೇರಿ 100ಕ್ಕೆ ನಿಲ್ಲಿಸಿ.

ಹಗುರ ದೋಣಿಗೆ ಗಾಳಿ ದೊಡ್ಡ ತೊಂದರೆ. ಬೆಳಗ್ಗೆಯೇ ಇಳಿಯಿರಿ, ಹೋಗುವಾಗ ಗಾಳಿಗೆ ಎದುರಾಗಿ ಹೋಗಿ. ದಣಿದು ಮರಳುವಾಗ ಗಾಳಿಯೇ ತಳ್ಳುತ್ತದೆ. ಮೀನುಗಾರರ ಬಲೆಯ ತೇಲುಬಾಟಲಿ ಕಂಡರೆ ಸುತ್ತಿ ಹೋಗಿ. ಲೈಫ್ ಜಾಕೆಟ್ ಇಲ್ಲದೆ ಕೂರಬೇಡಿ. ಯಾದಗಿರಿ ಕಡೆಯ ಕೃಷ್ಣೆಯಲ್ಲಿ ಮೊಸಳೆಗಳಿವೆ, ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಕಲಿಯುವವರಿಗೆ ಅದು ಜಾಗವಲ್ಲ. ಯಾವ ಜಲಾಶಯವಾದರೂ ಇಳಿಯುವ ಮುನ್ನ ನೀರಾವರಿಯವರ ಅನುಮತಿ ಬೇಕು. ಚಿಂಚೋಳಿ ಕಾಡಿನೊಳಗಿನ ಚಂದ್ರಂಪಳ್ಳಿ ಜಲಾಶಯಕ್ಕೆ ಅರಣ್ಯ ಇಲಾಖೆಯದೂ.

ಮಡಚುವಾಗ ಅವಸರ ಮಾಡಿದರೆ ದೋಣಿ ಕೆಟ್ಟಿತು. ಎರೆಮಣ್ಣು ಮಡಿಕೆಯಲ್ಲಿ ಒಣಗಿ ಕೂತರೆ ಪ್ರತಿ ಸಲ ಮಡಚಿದಾಗಲೂ ಅಲ್ಲೇ ಉಜ್ಜಿ ಹಾಳೆಯನ್ನು ತೆಳುವಾಗಿಸುತ್ತದೆ. ಮಣ್ಣು ಹಸಿಯಿದ್ದಾಗಲೇ ಒಂದು ಬಕೆಟ್ ನೀರು, ಮೆತ್ತನೆ ಬ್ರಷ್ಷಿನಿಂದ ತೊಳೆಯಿರಿ, ಸೋಪು ಬೇಡ. ನೆರಳಲ್ಲಿ ಒಣಗಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಿಲು ಮುಚ್ಚಿದ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಹಾಳೆ ಮೆತ್ತಗಾಗಿ ಸೊಟ್ಟಗೆ ನಿಲ್ಲಬಹುದು. ಬೀದರಿನ ಚಳಿ ಬೆಳಗಿನಲ್ಲಿ ಅದೇ ಹಾಳೆ ಬಿರುಸಾಗಿರುತ್ತದೆ, ಹತ್ತು ನಿಮಿಷ ಎಳೆಬಿಸಿಲಿಗಿಟ್ಟು ಬಿಚ್ಚಿ.

ಮುಳ್ಳು ಚುಚ್ಚಿದ್ದು ಬೇಗ ತಿಳಿಯುವುದಿಲ್ಲ. ಹೊರಗಿನ ಪದರ ಮಾತ್ರ ತೂತಾಗಿ ಟೊಳ್ಳು ಸಾಲಿನಲ್ಲಿ ನೀರು ತುಂಬುತ್ತದೆ. ಕೂರುವ ಜಾಗ ಒಣಗೇ ಇರುತ್ತದೆ, ದೋಣಿ ಮಾತ್ರ ಭಾರ. ಹಾಳೆಯನ್ನು ಬೆಳಕಿಗೆ ಹಿಡಿದರೆ ನೀರು ನಿಂತ ಸಾಲು ಬೇರೆಯಾಗಿ ಕಾಣುತ್ತದೆ. ತೂತು ಕೆಳಗಾಗುವಂತೆ ನಿಲ್ಲಿಸಿ ನೀರು ಬಸಿದು, ಒಣಗಿದ ಮೇಲೆ ಸ್ಪಿರಿಟ್‌ನಿಂದ ಒರೆಸಿ, ಸುತ್ತ 3 ಸೆಂ.ಮೀ. ಹೆಚ್ಚಿರುವಂತೆ ದೋಣಿಯ ಜತೆ ಬಂದ ರಿಪೇರಿ ಟೇಪ್ ಅಂಟಿಸಿ. ಫೆವಿಕ್ವಿಕ್, ಎಂ-ಸೀಲ್ ಪಾಲಿಪ್ರೊಪಿಲೀನ್‌ಗೆ ಹಿಡಿಯುವುದಿಲ್ಲ. ಮಡಿಕೆಯೇ ಸೀಳಿದ್ದರೆ ಟೇಪ್ ಸಾಲದು. ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವವರ ಹತ್ತಿರ ಒಯ್ದು, ಪಾಲಿಪ್ರೊಪಿಲೀನ್ ಕಡ್ಡಿಯಿಂದಲೇ ಬೆಸೆಯಲು ಹೇಳಿ.