ಪ್ಲಾನ್ ಬಿ ಇರಲಿ, ಆದರೆ ಅದು ನಿಮ್ಮ ಸಂಜೆಗಳನ್ನು ಕೇಳದಿರಲಿ

ಪುಸ್ತಕಗಳಿಗೆ ಚಿತ್ರ ಬರೆದೇ ಬದುಕಬೇಕು ಅಂತ ನಿರ್ಧರಿಸಿದಾಗ ನಾನು ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಕೆಲವರು ‘ಮೊದಲು ಕೆಲಸ ಬಿಡು, ಆಸರೆ ಇದ್ದರೆ ಛಲ ಬರಲ್ಲ’ ಎಂದರು. ಇನ್ನು ಕೆಲವರು ‘ಜೊತೆಗೆ ಬೇರೆ ಕೋರ್ಸೂ ಮಾಡಿಕೋ, ಯಾವುದಾದರೊಂದು ಕೈ ಹಿಡಿಯುತ್ತೆ’ ಎಂದರು. ನಾನು ಕೆಲಸ ಇಟ್ಟುಕೊಂಡೆ, ಕೋರ್ಸುಗಳನ್ನು ಕೈಬಿಟ್ಟೆ.

ಕಾರಣ ಸರಳ. ಆಫೀಸಿನ ಕೆಲಸ ಸಂಜೆಗೆ ಮುಗಿಯುತ್ತಿತ್ತು. ಆಮೇಲೆ ಅದು ನನ್ನ ತಲೆಯಲ್ಲಿ ಇರುತ್ತಿರಲಿಲ್ಲ. ಕೋರ್ಸು ಹಾಗಲ್ಲ. ಚಿತ್ರಕ್ಕೆ ಬೇಕಾದ ಅದೇ ಸಂಜೆಗಳನ್ನು ಅದೂ ಕೇಳುತ್ತಿತ್ತು. ಅವತ್ತಿನಿಂದ ಯಾವ ಬದಲಿ ದಾರಿ ಎದುರಾದರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ತನ್ನ ಪಾಡಿಗೆ ಸುಮ್ನೆ ಇರುತ್ತದೋ, ದಿನಾ ನನ್ನ ಸಮಯ ಬೇಡುತ್ತದೋ? ಬ್ಯಾಂಕಿನಲ್ಲಿರುವ ಉಳಿತಾಯ ಸುಮ್ನೆ ಇರುತ್ತದೆ. ಅರ್ಧ ಕಲಿತ ಎರಡನೇ ವಿದ್ಯೆ ಸುಮ್ನೆ ಇರುವುದಿಲ್ಲ.

ಕೆಲಸ ಬಿಡು ಎಂದವರು 1519ರಲ್ಲಿ ಮೆಕ್ಸಿಕೋ ತೀರದಲ್ಲಿ, ಸೈನಿಕರು ಹಿಂದಿರುಗದಂತೆ ಹಡಗುಗಳನ್ನು ಸುಟ್ಟ ಎನ್ನುವ ಸ್ಪೇನಿನ ದಂಡನಾಯಕ ಕೊರ್ಟೆಸ್‌ನ ಕಥೆ ಹೇಳುತ್ತಿದ್ದರು. ನಿಜವಾಗಿ ಆತ ಹಡಗು ಸುಡಲಿಲ್ಲ, ಕೆಡವಿಸಿದ. ಅದಕ್ಕೂ ಮೊದಲೇ ಒಂದು ಹಡಗನ್ನು ಸ್ಪೇನಿಗೆ ಕಳಿಸಿದ್ದ. ಕೆಡವಿದ ಹಡಗುಗಳ ಹಗ್ಗ, ಹಾಯಿ, ಕಬ್ಬಿಣವನ್ನು ಎತ್ತಿಡಿಸಿದ್ದ. ಮುಂದೆ ಸರೋವರದ ನಡುವಿದ್ದ ಅಲ್ಲಿನ ರಾಜಧಾನಿಯ ಮೇಲಿನ ಯುದ್ಧಕ್ಕೆ ಸಣ್ಣ ಹಡಗುಗಳನ್ನು ಕಟ್ಟುವಾಗ ಅವೇ ಬಳಕೆಗೆ ಬಂದವು. ಆತ ಮಾಡಿದ ಹಿಂಸೆಯನ್ನು ನಾನು ಮೆಚ್ಚುವುದಿಲ್ಲ. ಆದರೆ ಎಲ್ಲವನ್ನೂ ಸುಟ್ಟು ಮುಂದೆ ನಡೆದ ಎಂಬ ಮಾತು ನಿಜವಲ್ಲ.

ಅಧ್ಯಯನಗಳೂ ನನಗೆ ನೆರವಾದವು. ನೌಕರಿ ಇಟ್ಟುಕೊಂಡೇ ಸ್ವಂತ ಉದ್ಯಮ ಶುರು ಮಾಡಿ ಆಮೇಲೆ ಅದಕ್ಕೆ ಪೂರ್ತಿ ಇಳಿದವರು, ಒಮ್ಮೆಗೇ ನೌಕರಿ ಬಿಟ್ಟವರಿಗಿಂತ ಸೋಲುವ ಸಾಧ್ಯತೆ ಸುಮಾರು ಮೂರನೇ ಒಂದರಷ್ಟು ಕಡಿಮೆ ಎಂದು ರಾಫಿ ಮತ್ತು ಫೆಂಗ್ ಎಂಬ ಸಂಶೋಧಕರು 2014ರಲ್ಲಿ ತೋರಿಸಿದರು. 2016ರಲ್ಲಿ ಶಿನ್ ಮತ್ತು ಮಿಲ್ಕ್‌ಮನ್ ಎಂಬ ಸಂಶೋಧಕರು ಇನ್ನೊಂದು ಬದಿಯನ್ನು ತೋರಿಸಿದರು. ಗೆದ್ದರೆ ಬಹುಮಾನ ಸಿಗುವ ಕೆಲಸ ಕೊಟ್ಟು, ಸೋತರೆ ಏನು ಮಾಡುವಿರಿ ಎಂದು ಮೊದಲೇ ಯೋಚಿಸಲು ಹೇಳಿದಾಗ ಜನ ಕೆಲಸವನ್ನೇ ಕಳಪೆಯಾಗಿ ಮಾಡಿದರು. ಗೆಲ್ಲುವ ಆಸೆಯೇ ತಗ್ಗಿತ್ತು. ಎರಡೂ ಒಂದಕ್ಕೊಂದು ವಿರುದ್ಧ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಆಸರೆ ಇರುವುದು ಬೇರೆ, ದಿನಾ ಅದನ್ನೇ ನೆನೆಯುವುದು ಬೇರೆ ಅಲ್ವಾ?

ಹಾಗಾಗಿ ನನ್ನ ಬದಲಿ ದಾರಿಯನ್ನು ಒಂದೇ ಸಲ ಕೂತು, ಒಂದು ಪುಟದಲ್ಲಿ ಬರೆದೆ. ಉಳಿತಾಯ ಇಷ್ಟಕ್ಕಿಂತ ಕೆಳಗಿಳಿದರೆ, ಅಥವಾ ಈ ದಿನಾಂಕದೊಳಗೆ ದುಡ್ಡು ಬರುವ ಚಿತ್ರದ ಕೆಲಸ ಸಿಗದಿದ್ದರೆ, ಯಾರನ್ನು ಕಾಣಬೇಕು, ಯಾವ ಕೆಲಸ ಕೇಳಬೇಕು ಅಂತ. ಬರೆದು ಒಳಗಿಟ್ಟೆ.

ಆ ಪುಟದ ಬೆಲೆ ಗೊತ್ತಾಗಿದ್ದು ಕಳಿಸಿದ ಚಿತ್ರಗಳು ಬೇಡವೆಂದು ವಾಪಸ್ ಬಂದ ದಿನಗಳಲ್ಲಿ. ಅಂಥ ರಾತ್ರಿ ಕೈ ತಾನಾಗಿಯೇ ಉದ್ಯೋಗದ ಜಾಹೀರಾತುಗಳತ್ತ ಹೋಗುತ್ತದೆ. ಇದನ್ನೂ ಕಲಿತರೆ ಹೇಗೆ, ಅದಕ್ಕೂ ಅರ್ಜಿ ಹಾಕಿದರೆ ಹೇಗೆ ಅಂತ ಮನಸ್ಸು ಓಡುತ್ತದೆ. ಆಗ ನನಗೆ ಉತ್ತರ ಸಿದ್ಧವಿತ್ತು: ಅದನ್ನೆಲ್ಲ ಯೋಚಿಸಿ ಆಗಿದೆ, ದಿನಾಂಕ ಇನ್ನೂ ಬಂದಿಲ್ಲ. ದಣಿದ ತಲೆ ಹೊಸ ನಿರ್ಧಾರ ತೆಗೆದುಕೊಳ್ಳಬೇಕಾಗಿರಲಿಲ್ಲ. ಮರುದಿನ ಸಂಜೆ ಮತ್ತೆ ಚಿತ್ರಕ್ಕೆ ಕೂರಲು ಆಗುತ್ತಿತ್ತು. ಇದರಿಂದ ನನಗೆ ಸಿಕ್ಕ ನೆಮ್ಮದಿ ತುಂಬಾ ದೊಡ್ಡದು.

ಚಿತ್ರದ ಗಳಿಕೆಯಿಂದಲೇ ಖರ್ಚು ಕೆಲವು ತಿಂಗಳು ಸತತವಾಗಿ ನಡೆದ ಮೇಲೆ ಆಫೀಸು ಬಿಟ್ಟೆ. ಉಳಿತಾಯ ಮುಟ್ಟಲಿಲ್ಲ.

ಮನೆಯವರೆಲ್ಲ ನಿಮ್ಮ ಸಂಬಳವನ್ನೇ ನಂಬಿದ್ದರೆ ಉಳಿತಾಯದ ಮಿತಿಯನ್ನು ನನಗಿಂತ ಜಾಸ್ತಿ ಎತ್ತರದಲ್ಲಿಡಿ, ದಿನಾಂಕವನ್ನು ಮನೆಯವರ ಜೊತೆ ಕೂತೇ ಗೊತ್ತು ಮಾಡಿ. ಅವರಿಗೂ ಆ ಪುಟ ಓದಲು ಕೊಡಿ. ಆಮೇಲೆ ಪ್ರತಿ ವಾರ ‘ಏನಾಯ್ತು, ಬೇರೆ ಏನಾದ್ರೂ ನೋಡ್ತಿದ್ದೀಯಾ’ ಅಂತ ಕೇಳುವುದನ್ನು ಅವರೂ ಕಡಿಮೆ ಮಾಡುತ್ತಾರೆ.