ಶನಿವಾರದ ಚೀಲಕ್ಕೆ ಬಿತ್ತನೆ

ತರಕಾರಿ ಬೆಳೆಯುವುದು ಅಷ್ಟೇನೂ ಕಷ್ಟವಲ್ಲ. ವಾರ ತಪ್ಪದೆ ಬೆಳೆಯುವುದು ಕಷ್ಟ. ಶ್ರೀರಂಗಪಟ್ಟಣ ತಾಲ್ಲೂಕಿನ ನಮ್ಮ ಇಪ್ಪತ್ತು ಗುಂಟೆಯಲ್ಲಿ ಮೈಸೂರಿನ ಇಪ್ಪತ್ತೈದು ಮನೆಗಳಿಗೆ ತರಕಾರಿ ಬೆಳೆಯುತ್ತೇನೆ. ಅವರು ಮೇ ತಿಂಗಳಲ್ಲಿ ಅರ್ಧ ಹಣ ಕೊಡುತ್ತಾರೆ, ಉಳಿದದ್ದನ್ನು ಗೌರಿ ಹಬ್ಬ ಕಳೆದ ಮೇಲೆ. ಜುಲೈನಿಂದ ಸಂಕ್ರಾಂತಿಯವರೆಗೆ ಪ್ರತಿ ಶನಿವಾರ ಕುವೆಂಪುನಗರದ ಸದಸ್ಯರೊಬ್ಬರ ಜಗುಲಿಯಿಂದ ತಂತಮ್ಮ ಚೀಲ ಒಯ್ಯುತ್ತಾರೆ. ಬೆಳೆ ಹುಲುಸಾದರೆ ಚೀಲ ತುಂಬುತ್ತದೆ, ಕೆಟ್ಟರೆ ಸೊರಗುತ್ತದೆ. ಹಣ ವಾಪಸ್ಸಿಲ್ಲ. ಇಷ್ಟನ್ನು ಬಾಯಿಬಿಟ್ಟು ಹೇಳದೆ ಯಾರ ಮುಂಗಡವನ್ನೂ ಮುಟ್ಟುವುದಿಲ್ಲ.

ಬಿತ್ತನೆಯ ಲೆಕ್ಕವನ್ನು ಹಬ್ಬದಿಂದ ಹಿಂದಕ್ಕೆ ಎಣಿಸುತ್ತೇನೆ. ಆಯುಧಪೂಜೆಗೆ ಮನೆಗೊಂದು ಬೂದುಗುಂಬಳ ಬೇಕೇ ಬೇಕು. ಕಾಯಿ ಬಲಿತು ಮೈಮೇಲೆ ಬೂದಿ ಕಟ್ಟಲು ಹೆಚ್ಚುಕಡಿಮೆ ನಾಲ್ಕು ತಿಂಗಳು ಹಿಡಿಯುವುದರಿಂದ, ಮೇ ಮುಗಿಯುವುದರೊಳಗೆ ಬೀಜ ಊರಿಬಿಡುತ್ತೇನೆ. ಮೂಲಂಗಿಗೆ ನಲವತ್ತರಿಂದ ನಲವತ್ತೈದು ದಿನ, ಬೆಂಡೆಯ ಮೊದಲ ಕೊಯ್ಲಿಗೆ ಸುಮಾರು ಐವತ್ತು ದಿನ, ಮೆಂತ್ಯ ಮತ್ತು ದಂಟಿನ ಸೊಪ್ಪಿಗೆ ತಿಂಗಳೊಪ್ಪತ್ತು ಸಾಕು. ಸೊಪ್ಪನ್ನು ಒಂದೇ ಸಲ ಚೆಲ್ಲಿದರೆ ಒಂದು ವಾರ ಹೊರೆಗಟ್ಟಲೆ, ಮರುವಾರ ಬರೀ ಕಡ್ಡಿ. ಹಾಗಾಗಿ ಹತ್ತು ದಿನಕ್ಕೊಂದು ಮಡಿಯಂತೆ ಬಿತ್ತುತ್ತೇನೆ. ಬೇಸರದ ಕೆಲಸ, ಆದರೆ ಈ ವ್ಯವಹಾರ ನಿಂತಿರುವುದೇ ಅದರ ಮೇಲೆ.

ಪುಸ್ತಕಗಳಲ್ಲಿ ಮುಂಗಾರೆಂದರೆ ಜೂನ್. ನಮ್ಮದು ಮಳೆನೆರಳಿನ ಸೀಮೆ. ಇಲ್ಲಿ ಮೇ ತಿಂಗಳಲ್ಲೊಮ್ಮೆ ಗುಡುಗಿ ಸುರಿಯುತ್ತದೆ, ಮತ್ತೆ ಜೋರು ಮಳೆ ನೋಡಬೇಕಾದರೆ ಸೆಪ್ಟೆಂಬರ್, ಅಕ್ಟೋಬರ್ ಬರಬೇಕು. ನಡುವೆ ಆಷಾಢದ ಗಾಳಿ. ಆ ಗಾಳಿಗೆ ಹುರುಳಿಕಾಯಿ ಬಳ್ಳಿಯ ಚಪ್ಪರ ಅಡ್ಡ ಮಲಗುತ್ತದೆ. ಆದ್ದರಿಂದ ಮುಂಗಾರಿನಲ್ಲಿ ಗಿಡ್ಡ ಜಾತಿಯ ಹುರುಳಿಕಾಯಿಯನ್ನಷ್ಟೇ ಹಾಕುತ್ತೇನೆ. ಟೊಮೆಟೊ ಸಸಿಗಳನ್ನು ಜೂನ್ ಮೊದಲಿಗೇ ನಾಟಿ ಮಾಡಿ ಕೋಲು ಕಟ್ಟಿದರೆ ಹಿಂಗಾರು ಮಳೆ ಹಿಡಿಯುವ ಮುಂಚೆ ಮುಖ್ಯ ಕೊಯ್ಲು ಮುಗಿದಿರುತ್ತದೆ. ಎಲೆ ಒದ್ದೆಯಾಗಿಯೇ ಉಳಿಯುವ ಆ ದಿನಗಳಲ್ಲಿ ಎಲೆ ಸುಡುವ ಅಂಗಮಾರಿ ರೋಗ ಬಿಡುವುದಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆಮುರುಟು ನಂಜು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಮೂರನ್ನೂ ತಡೆಯುತ್ತದೆ. ಹೈಬ್ರಿಡ್ ಎಂದು ಕೆಲವು ಸದಸ್ಯರು ಮೂಗು ಮುರಿದರು. ನಾಟಿ ಟೊಮೆಟೊದ ಹುಳಿಯೇ ರಸಂಗೆ ಚೆಂದ ಎಂಬುದು ನನಗೂ ಗೊತ್ತು, ಅದಕ್ಕೆಂದೇ ಎರಡು ಸಾಲು ಬಿಟ್ಟಿದ್ದೇನೆ. ಇಡೀ ಮಡಿಯನ್ನು ಮಾತ್ರ ಅದಕ್ಕೆ ಒಪ್ಪಿಸಲಾರೆ.

ಬದನೆಯಲ್ಲಿ ರಾಜಿಯಿಲ್ಲ. ವಾಂಗಿಬಾತಿಗೆ ಈರನಗೆರೆ ಬದನೆಯೇ ಆಗಬೇಕು ಎನ್ನುವ ಮೈಸೂರಿನವರ ಹಟ ನನ್ನದೂ ಹೌದು. ಅದಕ್ಕೆ ಕಾಂಡ ಮತ್ತು ಕಾಯಿ ಕೊರಕ ಹುಳುವಿನದೇ ಕಾಟ. ಬಾಡಿದ ಕುಡಿ ಕಂಡ ಕೂಡಲೇ ಚಿವುಟಿ ಸುಡುತ್ತೇನೆ. ಹುಳು ಒಳಗೇ ಇರುತ್ತದೆ. ನೂರು ಲೀಟರ್ ನೀರಿಗೆ ಐದು ಕಿಲೋ ಬೇವಿನ ಬೀಜದ ತಿರುಳಿನ ಕಷಾಯವನ್ನು ಸಂಜೆ ಸಿಂಪಡಿಸುತ್ತೇನೆ. ಇಷ್ಟಾದರೂ ತೂತಿನ ಕಾಯಿ ಬರುತ್ತದೆ. ಅದನ್ನು ಮೇಲೆಯೇ ಇಟ್ಟು ಕೊಡುತ್ತೇನೆ, ಅಡಿಯಲ್ಲಿ ಅಡಗಿಸುವುದಿಲ್ಲ.

2023 ನಮ್ಮ ಕೂಟವನ್ನು ಗಟ್ಟಿಮಾಡಿದ ವರ್ಷ. ಜುಲೈನಲ್ಲಿ ಪೇಟೆಯ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಸದಸ್ಯರು ಕಟ್ಟಿದ ಹಣಕ್ಕೇ ಟೊಮೆಟೊ ತಿಂದರು. ಮುಂಚೆ ‘ದೇವರಾಜ ಮಾರುಕಟ್ಟೆಯಲ್ಲಿ ಇನ್ನೂ ಅಗ್ಗವಿದೆಯಲ್ಲ’ ಎನ್ನುತ್ತಿದ್ದವರು ಸುಮ್ಮನಾದರು. ಆಮೇಲೆ ಮುಂಗಾರು ಕೈಕೊಟ್ಟಿತು, ಕೆ.ಆರ್.ಎಸ್. ತುಂಬಲಿಲ್ಲ, ಕಾವೇರಿಗಾಗಿ ಮಂಡ್ಯ ಬೀದಿಗಿಳಿಯಿತು. ನಾಲೆ ನೀರಿನ ಆಸೆ ಬಿಟ್ಟು ಕೊಳವೆಬಾವಿಯ ಹನಿ ನೀರಾವರಿಯಲ್ಲೇ ಗಿಡ ಉಳಿಸಿಕೊಂಡೆವು, ಮಡಿಗೆಲ್ಲ ಕಬ್ಬಿನ ಸೋಗೆ ಹೊದಿಸಿದೆವು. ಆಗಿನ ಸಣಕಲು ಚೀಲಗಳನ್ನು ತುಂಬಿಸಿದ್ದು ನನ್ನ ಅಮ್ಮ: ಬದುವಿನ ಅಣ್ಣೆ, ಗಣಿಕೆ, ಹೊನಗೊನೆ, ಜೊತೆಗೊಂದು ಹಿಡಿ ನುಗ್ಗೆ ಸೇರಿಸಿ ಬೆರಕೆ ಸೊಪ್ಪಿನ ಕಟ್ಟು ಮಾಡಿದರು. ಉಪ್ಸಾರು ಮಾಡುವ ಬಗೆಯನ್ನು ಫೋನಿನಲ್ಲಿ ಅವರೇ ಹೇಳಿಕೊಟ್ಟರು. ಬಿತ್ತದೆ ಬೆಳೆದದ್ದಕ್ಕೆ ಬಂದಷ್ಟು ಹೊಗಳಿಕೆ ನನ್ನ ಟೊಮೆಟೊಗೆ ಎಂದೂ ಬಂದಿಲ್ಲ. ಈಗ ಬೆರಕೆ ಸೊಪ್ಪು ಖಾಯಂ ಬಾಬತ್ತು.

ದಸರಾ ರಜೆಯಲ್ಲಿ ಅರ್ಧ ಮನೆಗಳಿಗೆ ಬೀಗ. ಊರಿಗೆ ಹೋಗುವವರು ಚೀಲವನ್ನು ಯಾರಿಗೆ ಕೊಡಬೇಕೆಂದು ಗುರುವಾರದೊಳಗೆ ತಿಳಿಸಬೇಕು, ಇಲ್ಲವಾದರೆ ಅದು ಕೂಲಿಗೆ ಬರುವ ಹೆಂಗಸರ ಪಾಲು. ಈ ನಿಯಮ ಮಾಡಿದ ಮೇಲೆ ಜಗುಲಿಯಲ್ಲಿ ಸೊಪ್ಪು ಕೊಳೆಯುವುದು ನಿಂತಿತು.

ಕೊನೆಯ ಚೀಲಗಳು ಅವರೆಯವು. ಜುಲೈ, ಆಗಸ್ಟ್‌ನಲ್ಲಿ ಬಿತ್ತಿದ ನಾಟಿ ಅವರೆ ಹಗಲು ಕಿರಿದಾಗುವವರೆಗೆ ಹೂ ಬಿಡುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆಗೆ ಆ ಕಟ್ಟುಪಾಡಿಲ್ಲ, ಯಾವ ಕಾಲದಲ್ಲಾದರೂ ಕಾಯಿ ಕೊಡುತ್ತದೆ. ಅಕ್ಟೋಬರ್‌ಗೆ ಅದನ್ನೇ ಕೊಡುತ್ತೇನೆ. ಆದರೆ ಮಾಗಿಯ ಮಂಜಿನಲ್ಲಿ ಬೆರಳಿಗೆ ಅಂಟುವ ಸೊಗಡು ನಾಟಿಯದು. ಹಿತಕಿದ ಬೇಳೆಗೆ ಡಿಸೆಂಬರ್‌ವರೆಗೆ ಕಾಯಲೇಬೇಕು.

ಬೇಸಿಗೆಯಲ್ಲೂ ಚೀಲ ಕೊಡಿ ಎಂದು ಕೇಳುವವರಿದ್ದಾರೆ. ಕೊಳವೆಬಾವಿಯೊಂದನ್ನೇ ನೆಚ್ಚಿಕೊಂಡು ಮುಂಗಡ ಪಡೆಯುವ ಧೈರ್ಯ ನನಗಿಲ್ಲ. ಏಪ್ರಿಲ್‌ನ ಮೊದಲ ಮಳೆಗೆ ಖಾಲಿ ಮಡಿಗಳಿಗೆ ಹಸಿರೆಲೆ ಗೊಬ್ಬರಕ್ಕೆಂದು ಅಪ್ಸೆಣಬು ಚೆಲ್ಲಿ, ಹೂ ಕಾಣುತ್ತಲೇ ಮಣ್ಣಿಗೆ ಮಗುಚಿಬಿಡುತ್ತೇನೆ. ಬೂದುಗುಂಬಳದ ಮೂಲೆಯನ್ನು ಮಾತ್ರ ಬಿತ್ತದೆ ಬಿಡುತ್ತೇನೆ, ಅಲ್ಲಿ ಮೇ ತಿಂಗಳಲ್ಲೇ ಗುಂಡಿ ತೋಡಬೇಕು.