ಹಾರ, ಶಾಲು ಬೇಡ. ಇಪ್ಪತ್ತು ಕುರ್ಚಿ ಸಾಕು

ನಿಮ್ಮೂರಿನ ಗ್ರಂಥಾಲಯಕ್ಕೆ ಲೇಖಕರನ್ನು ಕರೆಸಿ ಮಾತಾಡಿಸಬೇಕು, ಜೊತೆಗೊಂದು ಬರವಣಿಗೆ ಕಮ್ಮಟವನ್ನೂ ಮಾಡಬೇಕು ಅಂತಿದೆಯಾ? ರಾಯಚೂರಿನಲ್ಲಿ ನಾವು ನಾಲ್ಕೈದು ಜನ ಸೇರಿ ಮಾಡಿ ಕಲಿತಿದ್ದನ್ನು ಹೇಳುತ್ತೇನೆ.

ಮೊದಲ ಸಲ ಪೂರ್ತಿ ಎಡವಟ್ಟು. ವೇದಿಕೆ ಮೇಲೆ ಒಂಬತ್ತು ಜನ. ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಹಾರ, ಶಾಲು ಎಲ್ಲ ಮುಗಿದು ಲೇಖಕರ ಕೈಗೆ ಮೈಕ್ ಬರುವಷ್ಟರಲ್ಲಿ ಮಧ್ಯಾಹ್ನ ಒಂದೂವರೆ, ಅಷ್ಟೊತ್ತಿಗೆ ಕರೆಂಟೂ ಹೋಯಿತು, ಅವರು ಹತ್ತು ನಿಮಿಷ ಮಾತಾಡಿ ಬಸ್ ಹಿಡಿಯಲು ಓಡಿದರು. ಈಗ ನಮ್ಮಲ್ಲಿ ವೇದಿಕೆಯೇ ಇಲ್ಲ. ಒಂದು ಮೇಜು, ಸುತ್ತ ಕುರ್ಚಿ.

ಮೊದಲು ಅನುಮತಿ. ಸೋಮವಾರ ಹೋಗಬೇಡಿ, ರಜೆ. ದಿನ, ಸಮಯ, ಬರುವವರ ಸಂಖ್ಯೆ ಬರೆದು ಒಂದು ಪುಟದ ಮನವಿ ಕೊಡಿ. ಸಂಕೋಚ ಬೇಡ, ಆಸ್ತಿ ತೆರಿಗೆಯ ಜೊತೆ 6% ಗ್ರಂಥಾಲಯ ಕರ ನಾವೇ ಕಟ್ಟುತ್ತೇವಲ್ಲ. ಜಂಬವೂ ಬೇಡ. ಬೆಳಿಗ್ಗೆಯಿಂದ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುತ್ತಾ ಕೂತ ಹುಡುಗರನ್ನು ಎಬ್ಬಿಸಿ ಅವರ ಕುರ್ಚಿಯಲ್ಲಿ ನಾವು ಕಥೆ ಮಾತಾಡುವುದು ಸರಿಯಲ್ಲ. ಬೇರೆ ಕೋಣೆ ಕೇಳಿ, ಇಲ್ಲದಿದ್ದರೆ ಅಂಗಳ.

ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಆ ವಾರ ಮನವಿಗೆ ಬೇಗ ಹೂಂ ಅನ್ನುತ್ತಾರೆ, ಆದರೆ ಭಾಷಣಗಳ ಕಾಟ ಜಾಸ್ತಿ. ಏಪ್ರಿಲ್, ಮೇ ಆದರೆ ಬೆಳಿಗ್ಗೆ ಎಂಟಕ್ಕೇ ಶುರು ಮಾಡಿ ಹತ್ತೂವರೆಗೆ ಮುಗಿಸಿ. ನಮ್ಮೂರ ಬಿಸಿಲು ಗೊತ್ತಲ್ವಾ?

ಲೇಖಕರು ಬೆಂಗಳೂರಿನಿಂದಲೇ ಬರಬೇಕಿಲ್ಲ. ಸಿಂಧನೂರು, ಲಿಂಗಸುಗೂರು, ಮಾನ್ವಿ ಕಡೆ ಬರೆಯುವವರು ಬೇಕಾದಷ್ಟಿದ್ದಾರೆ. ಪ್ರಯಾಣದ ಖರ್ಚು ಎಷ್ಟು ಕೊಡಬಲ್ಲಿರಿ ಅಂತ ಫೋನಿನಲ್ಲೇ ಹೇಳಿಬಿಡಿ. ತಿಂಗಳ ಮೊದಲೇ ಅವರ ಪುಸ್ತಕದ ನಾಲ್ಕು ಪ್ರತಿ ತಂದು ಕೈಯಿಂದ ಕೈಗೆ ದಾಟಿಸಿ, ಓದಿದವರಿಂದ ಚೀಟಿಯಲ್ಲಿ ಪ್ರಶ್ನೆ ಬರೆಸಿ. ‘ನಿಮಗೆ ಸ್ಫೂರ್ತಿ ಯಾರು’ ಅಂತಿದ್ದರೆ ಆ ಚೀಟಿ ಪಕ್ಕಕ್ಕೆ. ‘ಆಕೆ ಊರು ಬಿಡುವಾಗ ಮಗನಿಗೆ ಯಾಕೆ ಹೇಳಲಿಲ್ಲ’ ಅಂತಿದ್ದರೆ ಅದೇ ಮೊದಲ ಪ್ರಶ್ನೆ.

ಮಾತು ಮುಗಿದ ಮೇಲೆ ಕಮ್ಮಟ. ಹದಿನೈದು ಜನಕ್ಕಿಂತ ಜಾಸ್ತಿ ಬೇಡ. ಓದಲು ಏನಾದರೂ ಜೆರಾಕ್ಸ್ ಮಾಡಿಸಿ ಹಂಚುವುದಿದ್ದರೆ, ಲೇಖಕರು ತೀರಿಕೊಂಡು 60 ವರ್ಷ ದಾಟಿರುವ ಬರಹ ಆರಿಸಿ, ಹಕ್ಕಿನ ತಕರಾರು ಬರುವುದಿಲ್ಲ. ನಾವು ಪಂಜೆ ಮಂಗೇಶರಾಯರನ್ನು ಆರಿಸಿಕೊಂಡೆವು. ಅವರು ತೀರಿಕೊಂಡಿದ್ದು 1937ರಲ್ಲಿ. ಅದಕ್ಕೂ ಮೂರು ವರ್ಷ ಮೊದಲು, 1934ರಲ್ಲಿ, ಇದೇ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದಿದ್ದರು ಅಂದಾಗ ಹುಡುಗರು ಹಾಳೆಯನ್ನು ಮತ್ತೊಮ್ಮೆ ನೋಡಿದರು.

ಆಮೇಲೆ ಬರೆಸಬೇಕು. ‘ಬೆಳಿಗ್ಗೆ ನಿಮ್ಮ ಮನೆಯಲ್ಲಿ ಕೇಳುವ ಮೊದಲ ಸದ್ದು’ ಅಂತ ಹೇಳಿ ಹದಿನೈದು ನಿಮಿಷ ಕೊಡಿ. ಪ್ರೀತಿ, ಮಮತೆ, ನೆನಪು ಈ ಮೂರು ಪದ ಬಳಸುವಂತಿಲ್ಲ. ಒಬ್ಬ ಹುಡುಗಿ ಶುರುವಿನಲ್ಲೇ ‘ತಾಯಿಯ ಮಮತೆ ಸಾಗರ’ ಅಂತ ಬರೆದು, ನಿಯಮ ನೆನಪಾಗಿ ತಾನೇ ಹೊಡೆದು ಹಾಕಿದಳು. ಸ್ವಲ್ಪ ಹೊತ್ತು ಪೆನ್ನು ಕಚ್ಚುತ್ತಾ ಕೂತಳು. ಕೊನೆಗೆ ಬರೆದದ್ದು ಇದು: ‘ಅವ್ವ ರೊಟ್ಟಿ ಬಡಿಯಾಕ ಕುಂತರ ಬಳಿ ಸದ್ದು ಬರಂಗಿಲ್ಲ, ಮೊಳಕೈತನಕ ಏರಿಸಿಕೊಂಡಿರ್ತಾಳ. ಬಡಿಯೋದು ನಿಂತರ ಹಿಟ್ಟು ಮುಗೀತು ಅಂತ ಲೆಕ್ಕ.’ ಇಂಥದ್ದನ್ನು ದಯವಿಟ್ಟು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಅವಳೂ ‘ಇದನ್ನ ಶುದ್ಧ ಮಾಡ್ಲಾ ಸರ್’ ಅಂತ ಕೇಳಿದಳು. ಬೇಡ ಅಂದೆ.

ಎಲ್ಲರೂ ಜೋರಾಗಿ ಓದಲಿ. ಕೇಳಿದವರು ಸುಮ್ನೆ ‘ಸೂಪರ್’ ಅನ್ನುವ ಹಾಗಿಲ್ಲ, ಯಾವ ಸಾಲು ಕಿವಿಯಲ್ಲಿ ಉಳಿಯಿತು ಅಂತ ಹೇಳಬೇಕು. ಬಂದ ಲೇಖಕರೂ ಅದೇ ಹದಿನೈದು ನಿಮಿಷ ಬರೆಯಬೇಕು, ಇದಕ್ಕೆ ಮೊದಲೇ ಒಪ್ಪಿಸಿಕೊಳ್ಳಿ.

ಒಗ್ಗರಣೆ, ಮಿರ್ಚಿ ಕೊನೆಗೆ, ಹೊರಗೆ. ನಡುವೆ ತಂದರೆ ಹಾಳೆಗೆಲ್ಲ ಎಣ್ಣೆ. ಕುರ್ಚಿಗಳನ್ನು ವಾಪಸ್ ಜೋಡಿಸಿ, ಮುಂದಿನ ಭಾನುವಾರ ಯಾವುದು ಅಂತ ನೋಟಿಸ್ ಬೋರ್ಡಿಗೆ ಅಂಟಿಸಿಯೇ ಮನೆಗೆ ಹೋಗಿ.